ಹದಿನೆಂಟನೇ ಇಂಚು

ಸೊಲ್ಲಾಪುರದಾಗ ನನ್ನಷ್ಟು ದೇವರನ್ನ
ಅಳದಾಂವ ಇನ್ನೊಬ್ಬಿಲ್ಲ.
ಸಿದ್ಧರಾಮ, ವಿಠೋಬಾ, ತುಳಜಾಪುರದ ಅಂಬಾಬಾಯಿ,
ಹೋದ ವರ್ಷ ತೀರಿದ ಯಾರದೋ ಮಾವ,
ಎಲ್ಲಾರೂ ಹನ್ನೆರಡು ಬೈ ಹದಿನೆಂಟು.
ಗಾಜಿನ ದರ ಬ್ಯಾರೆ, ಮೊಳೆ ಪುಕ್ಕಟೆ.

ಶಾವಂತ್ರವ್ವ ಬಿರಾಜದಾರ ಬಂದಾಗ ಕರೆಂಟು ಹೋಗಿತ್ತು.
ಬಗಲಾಗ ಸುತ್ತಿದ ಚಾದರ,
ನೂಲು ತಪ್ಪಿದ ರಿಜೆಕ್ಟ್ ಮಾಲು, ಹಿಂಬದಿಗೆ ಚಿತ್ರ.
ಕೌಂಟರು ಸಾಲಲಿಲ್ಲ,
ನೆಲಕ್ಕ ಹಾಸಿದಳು.

ನಾ ಮೊದಲು ನೋಡಿದ್ದು ಚಿತ್ರ ಅಲ್ಲ, ಅಂಚು.
ಅದು ನನ್ನ ಕಸುಬು.
ಅಂಚೇ ಇರಲಿಲ್ಲ.
ನೀಲಿ ಬಲಕ್ಕ ಹರದು, ಮಡಿಕಿ ದಾಟಿ,
ಆಚೆ ಬದಿಯ ಹೂವಿನ ಡಿಸೈನಿನಾಗ ಹೊಕ್ಕು ಕುಂತಿತ್ತು.

ಮಿಲ್ಲಿನ ಗೇಟು. ಬೀಗ.
ಮುಂದ ಮಂದಿ, ಬರೇ ಬಾಯಿ, ನೂರು ಬಾಯಿ.
ಕಣ್ಣು ಒಬ್ಬರಿಗೂ ಇಲ್ಲ.
“ಕಣ್ಣು ಬರಿಯೂದು ಮರತ್ರೇನವ್ವಾ?”
“ಆವತ್ತ ನಾ ಯಾರ ಮಾರಿನೂ ತಲಿ ಎತ್ತಿ ನೋಡಲಿಲ್ಲೋ ತಮ್ಮಾ.
ನೋಡದ್ದು ಹ್ಯಾಂಗ ಬರೀಲಿ?”

ಮೂವತ್ತೊಂದು ವರ್ಷ ಅಕ್ಕಲಕೋಟ ರೋಡಿನ
ಭಟ್ಟಿಯೊಳಗ ಬಣ್ಣ ಕುದಿಸಿದಾಕಿ.
ತಳದಾಗ ಉಳಿದದ್ದಕ್ಕ ಹುಣಸಿಪಿಕ್ಕದ ಸರಿ ಕೂಡಿಸಿ
ಬೆರಳಿಲೆ, ಮುರುಕು ಬಾಚಣಿಗಿಲೆ,
ಒಮ್ಮೊಮ್ಮೆ ಹುಟ್ಟಿನ ಹಿಂಬದಿಲೆ ಬಳೀತಾಳ.
ಯಾರು ಕಲಿಸಿದರು ಅಂದ್ರ,
“ಕೆಂಪು ಎಷ್ಟೊತ್ತು ಕುದ್ರ ಕಪ್ಪಾಗತದ, ಗೊತ್ತದ. ಅಷ್ಟ.”

ಹೋದ ತಿಂಗಳ ಪುಣೆಯಿಂದ ಒಬ್ಬಾಂವ ಬಂದಿದ್ದನಂತ,
ಕೊರಳಾಗ ಕ್ಯಾಮೆರಾ.
ನಿಮ್ಮ ಗೆರಿ ಎಲ್ಲಾ ಎಡಕ್ಕ ವಾಲತಾವ, ಗಾಳಿ ಬಿಟ್ಟಂಗ,
ಇದು ನಿಮ್ಮ ಶೈಲಿ, ಅಂದನಂತ ಮರಾಠಿಯೊಳಗ.
ಆಕಿ ನನಗ ಬಲಗೈ ತೋರಿಸಿದಳು.
ರೋಲರಿಗೆ ಸಿಕ್ಕದ್ದು, ಮೂರು ಬೆರಳು ಮಡಚಂಗಿಲ್ಲ.
“ಇದೇ ನೋಡು ಆ ಶೈಲಿ.
ಕಂಪನಿಯವರು ಇದಕ್ಕ ನಾಕು ಸಾವಿರ ಕೊಟ್ಟಿದ್ರು.”

ಆಕಿ ನಕ್ಕಳು. ನಾ ಫೂಟುಪಟ್ಟಿ ಇಟ್ಟೆ.
ಹದಿನೆಂಟಕ್ಕ ಕತ್ತರಿಸಿದ್ರ ಬೀಗ ಒಂದೇ ಉಳೀತದ.
ಮೂವತ್ತಾರು ಅಂದ್ರ ಗೇಟು.
ಅರವತ್ತಕ್ಕ ನಿಂತ್ರೂ
ಎಡತುದಿಗೆ ಮಂದಿ ಕಾಲಾಗ ಕುಂತ ಒಂದು ನಾಯಿ,
ಚಿತ್ರದಾಗ ಕಣ್ಣಿದ್ದದ್ದು ಅದಕ್ಕೊಂದಕ್ಕ,
ಅರ್ಧ ಆಗತದ.

“ಗಾಜು ಹಾಕಲೇನವ್ವಾ?”
“ಬ್ಯಾಡ. ಕೈ ಹಚ್ಚಿ ನೋಡಲಿ.
ಎಲ್ಲಿ ಬಣ್ಣ ದಪ್ಪ ಅದನೋ, ಅಲ್ಲಿ ನಾ ನಿಂತಿದ್ದೆ.”

ಕಡೀಕ ಒಂದು ಬಿದಿರಿನ ಗಳ, ಎರಡು ಹುರಿ.
ನೂರಾ ಐವತ್ತು ಅಂದೆ, ನೂರಾ ಇಪ್ಪತ್ತು ಇಟ್ಟಳು.
ನೂರು ಬಾಯಿ ಸುತ್ತಿ ಹೆಗಲಿಗೇರಿಸಿ
ಸಿಟಿ ಬಸ್ಸು ಹತ್ತಿದಳು.
ಕಂಡಕ್ಟರು ಲಗೇಜಿನ ಟಿಕೀಟು ಕೇಳಿದ್ದು ಕೇಳಸ್ತು.

ಒಂದು ಕಡೆ ಇನ್ನೂ ಹಸಿ ಇತ್ತು ಕಾಣತದ.
ಫೂಟುಪಟ್ಟಿಗೆ ನೀಲಿ ಹತ್ತ್ಯದ, ಹದಿನೆಂಟನೇ ಇಂಚಿಗೆ.
ಸಾಬೂನಿಗೆ ಹೋಗವಲ್ದು, ಘಾಸಲೇಟಿಗೂ ಹೋಗವಲ್ದು.
ನಿನ್ನೆ ಯಾರೋ ಅಂಬಾಬಾಯಿ ತಂದ್ರು. ಅಳದೆ.
ಕಣ್ಣು ಎರಡೂ ಜಾಗಾದಾಗ ಇದ್ದವು.
ಆದ್ರೂ ಮೊಳೆ ಹೊಡಿಯೂ ಮೊದಲು ಹೊಳ್ಳಿಸಿ
ಹಿಂಬದಿ ಒಂದು ಸಲ ನೋಡಿದೆ,
ಏನರೆ ಅಂಚು ದಾಟಿ ಬಂದದೇನು ಅಂತ.