ಒಂದು ಪ್ರತ್ಯಯದ ಬಡ್ಡಿ

ಬಂದರಿನ ಹಿಂದಿನ ರಸ್ತೆಯಲ್ಲಿ, ಎರಡು ಗೋಡೌನುಗಳ ನಡುವೆ
ನಮ್ಮ ಬೀಡಿ ಕಾರ್ಮಿಕರ ಸಹಕಾರ ಸಂಘ.
ಫ್ಯಾನಿನ ಗಾಳಿಗೆ ಹಾರದ ಹಾಗೆ
ಕಾಗದಗಳ ಮೇಲೆ ಹಳೇ ಕಾರ್ಖಾನೆಯ ಹೆಂಚಿನ ಚೂರು.
ಅಲ್ಲಿ ನಾನು ಪತ್ರ ಬರೆಯುವವ.
ಹನ್ನೊಂದು ವರ್ಷದಿಂದ
‘ಸದರಿ’ ಇಲ್ಲದ ಒಂದೂ ಪತ್ರ ಹೊರಗೆ ಹೋದದ್ದಿಲ್ಲ.

ಮನೆಯಲ್ಲಿ ನನಗೆ ತುಳು.
ಎದುರು ಮೇಜಿನ ಐರಿನಳಿಗೆ ಕೊಂಕಣಿ.
ಬೆಂಗ್ರೆಯಿಂದ ದೋಣಿ ದಾಟಿ ಬರುವ ಹೆಂಗಸರಿಗೆ ಬ್ಯಾರಿ.
ಕನ್ನಡ ನಮಗೆಲ್ಲ ಕಾಗದದ ಭಾಷೆ,
ಇಸ್ತ್ರಿ ಹಾಕಿ ಇಟ್ಟ ಅಂಗಿ,
ಆಫೀಸಿಗೆ ಬಂದ ಮೇಲೆ ತೊಡುವುದು.
ಅದಕ್ಕೇ ಇರಬೇಕು, ಗುಂಡಿ ಜಾಸ್ತಿ.

ಆ ಪತ್ರ ಹೀಗಿತ್ತು:
“ಸದರಿ ಸದಸ್ಯರಿಂದ ಪಾವತಿಸಬೇಕಾಗಿರುವ
ಬಾಕಿ ಮೊತ್ತ ರೂ. 3,840ನ್ನು
ಹದಿನೈದನೇ ತಾರೀಕಿನೊಳಗಾಗಿ ಇತ್ಯರ್ಥಪಡಿಸಿಕೊಳ್ಳತಕ್ಕದ್ದು,
ತಪ್ಪಿದಲ್ಲಿ ಮುಂದಿನ ಕ್ರಮ ಜರುಗಿಸಲಾಗುವುದು.”

ಬರೆಯಬೇಕಾದ್ದು ‘ಸದಸ್ಯರಿಗೆ’.
ಅದು ಬೋನಸ್ಸಿನ ಉಳಿಕೆ. ಕೊಡಬೇಕಾದವರು ನಾವು.
ನಾನು ಬರೆದೆ, ಐರಿನ್ ಟೈಪಿಸಿದಳು, ಇಬ್ಬರು ಸಹಿ ಹಾಕಿದರು.
ವಾಕ್ಯ ಎಷ್ಟು ಗಂಭೀರವಾಗಿ ನಿಂತಿತ್ತೆಂದರೆ
ಅದರ ಕಾಲಬುಡದಲ್ಲಿ ಇಲಿ ಓಡಿದ್ದು
ಯಾರಿಗೂ ಕಾಣಲಿಲ್ಲ.

ಹದಿನಾಲ್ಕಕ್ಕೆ ಅವ್ವಮ್ಮ ಬಂದರು.
ಚಪ್ಪಲಿ ಹೊರಗೆ ಬಿಟ್ಟು (ನಮ್ಮಲ್ಲಿ ಯಾರೂ ಬಿಡುವುದಿಲ್ಲ)
ಕರವಸ್ತ್ರದ ಗಂಟು ಬಿಚ್ಚಿ
ತಂಬಾಕು ಹಿಡಿದ ಬೆರಳಲ್ಲಿ ನೋಟು ಎಣಿಸಿದರು,
ತುಟಿ ಅಲುಗಿಸುತ್ತ, ಬೀಡಿ ಎಣಿಸುವ ಹಾಗೆ.
ತಲೆವಸ್ತ್ರ ಸರಿದಾಗ ಕಂಡಿತು: ಕಿವಿಯಲ್ಲಿ ಅಲಿಕತ್ತು ಇಲ್ಲ.
ಮೇಲಿನಿಂದ ಕೆಳಗೆ ಸಾಲು ತೂತು,
ಅರ್ಜಿಯಲ್ಲಿ ತುಂಬದೆ ಬಿಟ್ಟ ಚುಕ್ಕೆಗೆರೆಯ ಹಾಗೆ.

“ಮೊಮ್ಮಗಳು ಮೂರು ಸಲ ಓದಿದಳು.
ಏಳನೇ ಕ್ಲಾಸು. ಅವಳಿಗೂ ಹೆದರಿಕೆ ಆಯ್ತು.
ಕ್ರಮ ಅಂದರೆ ಪೊಲೀಸಾ ಮಾರಾಯ್ರೆ?”

ಪತ್ರ ಇಸಕೊಂಡು ಓದಿದೆ.
ಬರೆದ ಮೇಲೆ ಅದೇ ಮೊದಲ ಸಲ ಓದಿದ್ದು.

ದೇವಕಿ ಟೀಚರ್ ಬೆತ್ತದಲ್ಲಿ ತಾಳ ಹಾಕುತ್ತಿದ್ದರು,
ಇಂದ ತೃತೀಯಾ, ಗೆ ಚತುರ್ಥೀ.
ಇಷ್ಟುದ್ದದ ಬಾಲಕ್ಕೆ ಇಷ್ಟು ದೊಡ್ಡ ಹೆಸರಾ ಎಂದು ನಾವು ನಕ್ಕರೆ
“ಅದಕ್ಕೆ ಒಂಟಿಯಾಗಿ ಅರ್ಥ ಇಲ್ಲ ಮಕ್ಕಳೇ.
ಆದರೆ ಯಾರ ಕೈ ಮೇಲೆ, ಯಾರ ಕೈ ಕೆಳಗೆ
ಅಂತ ಹೇಳುವುದು ಅದೇ.”

“ತಪ್ಪಾಗಿದೆ,” ಅಂದೆ.
“ಯಾರದ್ದು?”

ಅವರು ಜಗಳಕ್ಕೆ ಕೇಳಿದ್ದಲ್ಲ. ತಿಳಿಯಲಿಕ್ಕೆ.
ಆದರೆ ನನ್ನ ಹನ್ನೊಂದು ವರ್ಷದ ವಾಕ್ಯಗಳು
ಕಡತಗಳಿಂದ ಒಮ್ಮೆಲೇ ತಲೆಯೆತ್ತಿ ನೋಡಿದವು:
ಪರಿಶೀಲಿಸಲಾಗಿದೆ, ತಿರಸ್ಕರಿಸಲಾಗಿದೆ, ಜರುಗಿಸಲಾಗುವುದು.
ಒಂದರೊಳಗೂ ಒಬ್ಬ ಮನುಷ್ಯನಿಲ್ಲ.
ದೀಪ ಉರಿಯುತ್ತಿದೆ, ಫ್ಯಾನು ತಿರುಗುತ್ತಿದೆ,
ಕುರ್ಚಿ ಖಾಲಿ.

“ನನ್ನದು,” ಅಂದೆ.
ಮೂರಕ್ಷರ. ಬಾಯಿ ಒಣಗಿತ್ತು.

ಅಡವಿನಂಗಡಿಗೆ ಒಟ್ಟಿಗೇ ನಡೆದೆವು.
ಹನ್ನೆರಡು ದಿನದ ಬಡ್ಡಿ ನೂರಾ ಹದಿನೈದು, ನಾನು ಕೊಟ್ಟೆ.
ಅಂಗಡಿಯವನ ಚೀಟಿ ನೋಡಿದೆ:
“ಅಲಿಕತ್ತು ಒಂದು ಜೊತೆ. ತೆಗೆದುಕೊಂಡೆ.”
ಕೆಳಗೆ ಇವತ್ತಿನ ತಾರೀಕು. “ಕೊಟ್ಟೆ.”
ತನ್ನ ದುಡ್ಡಿನ ವಿಷಯಕ್ಕೆ ಬಂದರೆ
ಎಲ್ಲರಿಗೂ ಒಳ್ಳೆಯ ಕನ್ನಡ ಬರುತ್ತದೆ.

ಮರುದಿನ ಹೊಸ ಪತ್ರ ಬರೆದೆ,
ಅದೇ ‘ಇಂದ’ ಹೋದ ಉಳಿದ ಅರವತ್ತೆರಡು ಮನೆಗಳಿಗೆ.
“ನಾವು ನಿಮಗೆ ಹಣ ಕೊಡಬೇಕು. ನೀವು ಏನೂ ಕೊಡಬೇಕಾಗಿಲ್ಲ.
ಹಿಂದಿನ ಪತ್ರದಲ್ಲಿ ನಾನು ತಪ್ಪು ಬರೆದೆ.
ಗುರುತಿನ ಚೀಟಿ ತನ್ನಿ, ಹಣ ಒಯ್ಯಿರಿ.”

ಕಾರ್ಯದರ್ಶಿ ಮೋನಪ್ಪ ಸಾಲ್ಯಾನರು
ಕನ್ನಡಕ ಏರಿಸಿ, ಇಳಿಸಿ,
“ಇದೇನು, ನೆಂಟರಿಗೆ ಬರೆದ ಹಾಗೆ? ಸಂಘಕ್ಕೆ ಒಂದು ತೂಕ ಬೇಡವಾ?”
ಕೆಂಪು ಶಾಯಿಯಲ್ಲಿ ‘ಸದರಿ’ ಸೇರಿಸಿದರು,
‘ನಾನು’ ಹೊಡೆದುಹಾಕಿದರು.

ನಾನು ‘ನಾನು’ವನ್ನು ಮತ್ತೆ ಬರೆದೆ.
‘ಸದರಿ’ ಬೇಕಿದ್ದರೆ ಇರಲಿ, ಒಂದು.

ಪತ್ರ ಈಗ ಹೆಂಚಿನ ಚೂರಿನ ಕೆಳಗಿದೆ, ಸಹಿಗೆ.
ಅಂಚು ಮಾತ್ರ ಪಟಪಟಿಸುತ್ತಿದೆ.