ನಿಮಿಷ ಮಾತ್ರ ಹೇಳುವ ಗಡಿಯಾರ

ನಮ್ಮ ಅಡುಗೆಮನೆಯ ನೆಲ ಕಲ್ಲಿನದು.
ಯಾರ್ಕ್‌ಷೈರಿನ ಗಣಿಯಿಂದ ಕುದುರೆಗಾಡಿಯಲ್ಲಿ ಬಂದದ್ದಂತೆ.
ನೂರಿಪ್ಪತ್ತು ವರ್ಷದಿಂದ ಬಾಯಿ ತೆರೆದು ಮಲಗಿದೆ,
ಏನು ಜಾರಿದರೂ ಬಿಡುವುದಿಲ್ಲ:
ರಿಮೋಟು, ಥರ್ಮಾಮೀಟರು, ಮಗಳ ಕ್ಯಾಲ್ಕ್ಯುಲೇಟರು,
ಒಮ್ಮೆ, ಬಿಸಿ ಸಾರಿನ ಸಮೇತ, ನನ್ನ ಫೋನು.

ಎತ್ತಿಕೊಂಡು ತಿರುಗಿಸಿ ನೋಡುತ್ತೇವಲ್ಲ, ಎಲ್ಲರೂ ನೋಡುವ ಹಾಗೆ,
ಅಬ್ಬ, ಒಂದು ಗೀರೂ ಇಲ್ಲ!
ಜಟ್ಟಿ ಬಿದ್ದ, ಮೀಸೆ ಮಣ್ಣಾಗಲಿಲ್ಲ.
ಒಳಗೆ ಪಕ್ಕೆಲುಬು ಮುರಿದದ್ದು
ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ತಿಳಿಯುತ್ತದೆ,
ಒಣಗಿದ ತೆಂಗಿನಕಾಯಿ ಅಲ್ಲಾಡಿಸಿದ ಹಾಗೆ.

ಹಗಲು ಹ್ಯಾಲಿಫ್ಯಾಕ್ಸಿನ ಗುಡ್ಡಗಳಲ್ಲಿ ಬಸ್ಸು ಓಡಿಸುತ್ತೇನೆ.
ಸಂಜೆ ಬಂದು, ಸಮವಸ್ತ್ರ ಬಿಚ್ಚುವ ಮೊದಲೇ,
ಮೇಜಿನ ಮೇಲೆ ಹಳೆ ಟವೆಲ್ ಹಾಸುತ್ತೇನೆ,
ಉದುರಿದ ತಿರುಪು ಉರುಳದಿರಲಿ ಅಂತ.
ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ.
ಮೂರು ತಿರುಪು ಆ ನೆಲಕ್ಕೆ ಸಂದ ಮೇಲೆ ಬಂದ ಬುದ್ಧಿ.

ನವೆಂಬರ್. ನಾಲ್ಕಕ್ಕೇ ಕತ್ತಲು.
ಪಕ್ಕದ ಮನೆಯ ಮೇವಿಸ್ ಗ್ರೀನ್‌ವುಡ್, ಎಂಬತ್ನಾಲ್ಕು,
ಗೋಡೆ ತಡವಿಕೊಂಡು ಬಂದರು.
ಏಪ್ರನ್ನಿನ ಜೇಬಿನಲ್ಲಿ ಗಡಿಯಾರ,
ಗುಂಡಿ ಒತ್ತಿದರೆ ವೇಳೆ ಹೇಳುವಂಥದ್ದು,
ಕಣ್ಣು ಮಂಜಾದವರಿಗೆಂದೇ ಮಾಡಿದ್ದು.
ಮೆಟ್ಟಿಲಿಂದ ಮೆಟ್ಟಿಲಿಗೆ ಹದಿಮೂರು ಸಲ ಬಿದ್ದಿತ್ತು.
"ಎಣಿಸಿದೆ" ಅಂದರು.
ಒತ್ತಿದೆ.
"ಇಪ್ಪತ್ತೇಳು ನಿಮಿಷ" ಅಂದಿತು.
ಎಷ್ಟು ಗಂಟೆಯ ಮೇಲೆ?
ಅದೊಂದು ಮಾತ್ರ ಹೇಳದು.

ನಾಲ್ಕು ತಿರುಪು; ಐದನೆಯದು ಸ್ಟಿಕ್ಕರಿನ ಕೆಳಗೆ ಅಡಗಿದ್ದು.
ಹಳೆ ಬಸ್ ಪಾಸಿನ ಅಂಚನ್ನು ಸಂದಿಗೆ ತೂರಿಸಿ
ಮೆಲ್ಲಗೆ, ಬೇಯಿಸಿದ ಕಡಲೆಕಾಯಿ ಬಿಡಿಸುವ ಹಾಗೆ,
ಟಪ್.
ಒಳಗೆ ಎಷ್ಟು ಕಮ್ಮಿ ಸಾಮಾನು!
ಹೆಬ್ಬೆರಳಷ್ಟು ಹಸಿರು ಹಲಗೆ, ಕಾಸಿನಗಲ ಸ್ಪೀಕರು,
ಎರಡು ತಂತಿ, ಒಂದಿಷ್ಟು ಬಿಸ್ಕತ್ತಿನ ಪುಡಿ.
ಭೂತಗನ್ನಡಿ ಹಿಡಿದು ಬಗ್ಗಿದರೆ
ಒಂದು ಬೆಸುಗೆಯ ಸುತ್ತ ಕೂದಲೆಳೆಯ ಉಂಗುರ.
ಬಿರುಕು. ಅಷ್ಟೇ.
ಕರೆಂಟು ಹತ್ತುವುದು ಅರೆಗಳಿಗೆ ತಡ;
ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ
ಗಂಟೆ ದಾಟಿ ಹೋಗಿರುತ್ತಿತ್ತು.

ಕಾವಿಗೆ ತವರ ಕರಗಿ, ಮಿನುಗಿ, ಕೂತಿತು.
ರಾಳದ ಹೊಗೆ ಮಹಡಿ ಹತ್ತಿತು.
"ಸಾಂಬ್ರಾಣಿ ಹಾಕಿದೆಯಾ?" ಮೇಲಿನಿಂದ ಸುಕೃತಿ.
ಒತ್ತಿದೆ.
"ಏಳು ಗಂಟೆ ಹದಿನಾಲ್ಕು ನಿಮಿಷ."
ಮೇವಿಸ್ ಚಪ್ಪಾಳೆ ತಟ್ಟಿದರು.
ಮರುದಿನ ಹೊಸಿಲಲ್ಲಿ ಒಂದು ಶುಂಠಿ ಕೇಕು.

ವಾರ ಕಳೆದು ಮತ್ತೆ ಗೋಡೆ ತಡವುವ ಸದ್ದು.
"ಇದನ್ನು ಮೊದಲಿನ ಹಾಗೆ ಮಾಡಲಾಗುತ್ತದಾ?"

"ರಾತ್ರಿ ಎಚ್ಚರಾದಾಗ ಒತ್ತುತ್ತೇನೆ.
ಮೊದಲಾದರೆ ಹನ್ನೆರಡು ನಿಮಿಷ ಅನ್ನುತ್ತಿತ್ತು,
ಐದರ ಮೇಲೋ ಆರರ ಮೇಲೋ
ನನಗೆ ಬೇಕಾದ್ದು ನಾನೇ ಸೇರಿಸಿಕೊಳ್ಳುತ್ತಿದ್ದೆ.
ಈಗ ಎರಡು ಗಂಟೆ ಅನ್ನುತ್ತದೆ. ಖಡಾಖಂಡಿತ.
ಎರಡರಿಂದ ಬೆಳಗಿಗೆ ಎಷ್ಟು ದೂರ, ಗೊತ್ತಾ ನಿನಗೆ?"

ಗೊತ್ತು, ನಿಲ್ದಾಣಗಳ ಲೆಕ್ಕದಲ್ಲಿ. ಹೇಳಲಿಲ್ಲ.
ಮುರಿಯುವುದು ನನ್ನ ಕಸುಬಲ್ಲ ಅಂದೆ.
ಬೇಕಂತಲೇ ಬೀಳಿಸಿದರೂ
ಅದೇ ಜಾಗಕ್ಕೆ ಏಟು ಬೀಳುವ ಗ್ಯಾರಂಟಿ ಇಲ್ಲ,
ಈ ಸಲ ನಿಮಿಷವೇ ಹೋದೀತು.
ಅವರು ನಕ್ಕರು. ಚಹಾ ಕುಡಿದರು.
ಹೋಗುವಾಗ ಗಡಿಯಾರ ಮರೆತರು,
ಅಥವಾ ಮರೆತ ಹಾಗೆ ಬಿಟ್ಟರು,
ಮೇಜಿನ ಅಂಚಿಗೆ ತೀರ ಹತ್ತಿರ.
ಅದರ ಕೆಳಗೆ ಆ ನೆಲ.

ಎರಡಂಗುಲ ಒಳಗೆ ಸರಿಸಿದೆ.
ದೀಪ ಆರಿಸಿ ಮೆಟ್ಟಿಲು ಹತ್ತುವಾಗ
ಸಮವಸ್ತ್ರದ ಜೇಬಿನಲ್ಲಿ ಏನೋ ಚುಚ್ಚಿತು:
ಸ್ಟಿಕ್ಕರಿನ ಕೆಳಗಿನದು,
ಆ ಐದನೆಯ ತಿರುಪು.