ಬಡ್ಡಿ ಸಮೇತ

ಮಾರ್ಚ್ ಮೂವತ್ತೊಂದು. ದೇವದುರ್ಗದ ಕಚೇರಿಯೊಳಗೆ
ರಾತ್ರಿ ಹತ್ತಾದರೂ ಗೋಡೆ ಇನ್ನೂ ಬಿಸಿ.
ಕೂಲರಿಗೆ ನೀರು ಹೊಯ್ದು ಸಾಕಾದ ಮೌನೇಶ
ಮಂಡಾಳ ಒಗ್ಗರಣಿ, ಮಿರ್ಚಿ ಕಟ್ಟಿಸಿಕೊಂಡು ಬಂದ.
ಎಣ್ಣೆ ತಾಗದ ಹಾಗೆ ಪತ್ರವನ್ನು ಅತ್ತ ಸರಿಸಿದೆ.

ಪತ್ರ ಚಿಕ್ಕದು, ಬೆಂಗಳೂರಿನದು:
ನಿಗದಿತ ಕಾಮಗಾರಿಗೆ ಬಿಡುಗಡೆಯಾಗಿ
ಖರ್ಚಾಗದೆ ಉಳಿದ ಅನುದಾನವನ್ನು
ಬಡ್ಡಿ ಸಮೇತ ಇಂದೇ ಮರಳಿಸತಕ್ಕದ್ದು.
ಕಾಮಗಾರಿ, ಬಾಲಕಿಯರ ವಸತಿನಿಲಯಕ್ಕೆ
ಹನ್ನೆರಡು ಬಚ್ಚಲು, ಒಂದು ನೀರಿನ ಟಾಕಿ.
ಮೊತ್ತ ಹದಿನೆಂಟು ಲಕ್ಷ.

ಬಂದು ಐದು ವರ್ಷವಾಯಿತು.
ಯಾರೂ ತಿನ್ನಲಿಲ್ಲ. ಇದನ್ನು ಹೇಳಲೇಬೇಕು,
ಒಂದು ಪೈಸೆಯನ್ನೂ ಯಾರೂ ತಿನ್ನಲಿಲ್ಲ.
ತಿನ್ನುವವರಿದ್ದಿದ್ದರೆ ಅರ್ಧ ಗೋಡೆಯಾದರೂ ಏಳುತ್ತಿತ್ತೇನೋ.

ಫೈಲು ತಿರುವಿದೆ. ಜಾಗ ಕಂದಾಯದ್ದೋ ಪುರಸಭೆಯದೋ
ಎಂದು ಒಬ್ಬರು ಕೇಳಿದ್ದರು. ಇನ್ನೊಬ್ಬರಿಗೆ ನಕ್ಷೆ ಬೇಕಿತ್ತು.
ಇಂಜಿನಿಯರ್ ವರ್ಗವಾದ, ಹೊಸಬ ಬಂದು
ದರಪಟ್ಟಿ ಹಳತಾಯಿತೆಂದ.
ಆಮೇಲೆ ಹದಿನೇಳನೆಯ ಹಾಳೆಯ ಅಂಚಿನಲ್ಲಿ
ಹಸಿರಲ್ಲ, ನೀಲಿ ಶಾಯಿ, ನನ್ನದೇ ಕೈ:
ಚರ್ಚಿಸಿ.
ಆ ಒಂದು ಮಾತಿನ ಮೇಲೆ
ಹನ್ನೊಂದು ತಿಂಗಳು ಪೇಪರ್‌ವೇಟು ಕೂತಿತ್ತು.
ಯಾರೊಡನೆ, ಏನು, ಈಗ ನೆನಪಿಲ್ಲ.

ಖಾತೆಯಲ್ಲಿ ದುಡ್ಡು ಸುಮ್ಮನಿರಲಿಲ್ಲ, ಬೆಳೆಯಿತು:
ಎರಡು ಲಕ್ಷ ಎಂಬತ್ತಾರು ಸಾವಿರದ
ನಾನೂರ ಏಳು ರೂಪಾಯಿ, ಮೂವತ್ತು ಪೈಸೆ.
ಹುಡುಗಿಯರೂ ಬೆಳೆದರು.
ಅದಕ್ಕೆ ನಮೂನೆಯಲ್ಲಿ ಕಲಂ ಇಲ್ಲ.

ಟೈಪು ಮಾಡುವವಳು ದುರುಗಮ್ಮ, ಹೊರಗುತ್ತಿಗೆ,
ಮೂರು ತಿಂಗಳ ಪಗಾರ ಬಾಕಿ,
ಅನುದಾನ ಬಂದಿಲ್ಲ.
ವಸತಿನಿಲಯದ ಹೆಸರು ಹೊಡೆಯುವಾಗ
ಅವಳ ಬೆರಳು ನಿಂತಿತು.
“ನಾ ಇಲ್ಲೇ ಇದ್ದೆ ಸರ, ಹತ್ತನೇತ್ತಿ ತನಕ.
ನಸುಕಿನ್ಯಾಗ ನಾಕಕ್ಕ ಎದ್ದು ಕಾಲುವಿ ಕಡೆ ಹೋಗ್ತಿದ್ವಿ.
ಅಡಿಗಿ ಬಸಲಿಂಗಮ್ಮ ಸೀರಿ ಅಡ್ಡ ಹಿಡೀತಿದ್ಲು,
ಹಸರ ಸೀರಿ, ಒಂದ ಕಡೆ ಹರದಿತ್ತು.”
ಬೈಯಲಿಲ್ಲ. ಥಂಡಿ ನೀರಿಗೆ ಯಾರೋ
ಚೀರಿದ್ದು ನೆನಪಾಗಿ ನಕ್ಕಳು ಕೂಡ.

ಆಮೇಲೆ ಪರದೆ ನನ್ನ ಕಡೆ ತಿರುಗಿಸಿ,
“ಸರ, ಉದ್ದೇಶ ಅಂತ ಕೇಳಾಕತ್ತೈತ್ರಿ.
ಖಾಲಿ ಬಿಟ್ರ ಮುಂದಕ ಹೋಗವಲ್ದು.”

ಒಗ್ಗರಣಿ ಆರಿತ್ತು. ಮೌನೇಶ ಬಾಗಿಲಲ್ಲಿ ಆಕಳಿಸಿದ.
ಉಳಿಕೆ ಮೊತ್ತ ವಾಪಸಾತಿ, ಅಂದೆ. ಹೊಡೆದಳು.
ಚಕ್ರ ತಿರುಗಿತು, ತಿರುಗಿತು, ಕರೆಂಟು ಮಿಣುಕಿತು,
ಹನ್ನೊಂದು ಐವತ್ತೆರಡಕ್ಕೆ ಹಸಿರು ಗುರುತು ಬಿತ್ತು:
ಯಶಸ್ವಿ.

ಪ್ರಿಂಟು ಮೂರು ತೆಗೆದಳು.
ಒಂದು ಬೆಂಗಳೂರಿಗೆ, ಒಂದು ಫೈಲಿಗೆ.
ಮೂರನೆಯದನ್ನು ನಾಲ್ಕಾಗಿ ಮಡಚಿ
ತನ್ನ ಚೀಲದಲ್ಲಿ ಇಟ್ಟುಕೊಂಡಳು.
ಅದು ಯಾರಿಗೆ ಅಂದೆ.

“ಬಸಲಿಂಗಮ್ಮಗ ತೋರಸ್ತೀನ್ರಿ.
ಅಕಿ ಇನ್ನಾ ಸೀರಿ ಹಿಡಿಯಾಕ ಹೋಗ್ತಾಳ.”